ನೀರಿನ ಬಾಟಲಿ ಮೇಜಿನ ಮೇಲೇ ಇರಲಿ

ಮೈಸೂರಿನಿಂದ ಮಂಡ್ಯ ಕಡೆಗೆ ದಿನಾ ಓಡಾಡುವ ಟೀಚರ್‌ಗಳಿಗೆ ಒಂದು ಮಾತು. ಬಸ್ಸು ತಪ್ಪುತ್ತದೆ ಅಂತ ತಿಂಡಿ ಬಿಡುತ್ತೇವೆ. ಶಾಲೆಗೆ ಹೋದರೆ ಪಾಠದ ಜೊತೆ ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದ್ದೂ ನಾವೇ ಅಲ್ವಾ? ಈ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದು ನೀರು.

ನನಗೂ ಹಾಗೇ ಆಯಿತು. ಶೌಚಾಲಯಕ್ಕೆ ಹೋಗಲು ಬಿಡುವಿಲ್ಲ ಎಂದು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಕೊನೆಗೆ ಉರಿಮೂತ್ರ, ಜ್ವರ, ಒಂದು ವಾರ ರಜೆ. ನೀರು ಕಡಿಮೆ ಕುಡಿದು, ಮೂತ್ರ ತಡೆದುಕೊಂಡು ಕೂತರೆ ಸೋಂಕಿನ ಭಯ ಜಾಸ್ತಿ ಅಂತ ಡಾಕ್ಟರ್ ಚೆನ್ನಾಗಿ ಬೈದರು.

ಈಗ ಪಕ್ಕದ ತರಗತಿಯ ಮೇಡಂ ಜೊತೆ ಒಪ್ಪಂದ ಮಾಡಿಕೊಂಡಿದ್ದೇನೆ. ಎರಡನೇ ಪೀರಿಯಡ್ ಮುಗಿದ ಮೇಲೆ ಐದು ನಿಮಿಷ ನನ್ನ ಮಕ್ಕಳನ್ನು ಅವರು ನೋಡಿಕೊಳ್ಳುತ್ತಾರೆ. ಮಧ್ಯಾಹ್ನ ಅವರ ಮಕ್ಕಳನ್ನು ನಾನು. ಒಂದು ಲೀಟರ್ ಬಾಟಲಿ, ಊಟದ ಬೆಲ್ ಹೊಡೆಯುವಷ್ಟರಲ್ಲಿ ಅರ್ಧ ಖಾಲಿ ಆಗಬೇಕು. ಪಾಠದ ನಡುವೆ ಗುಟುಕು ಗುಟುಕಾಗಿ ಕುಡಿದರೆ ಗಂಟಲಿಗೂ ಆರಾಮ.

ತಿಂಡಿಗೆ ಸಮಯ ಸಿಗದಿದ್ದರೆ ಬ್ಯಾಗಿನಲ್ಲಿ ಹುರಿಗಡಲೆ, ಬೆಲ್ಲ, ಒಂದು ಬಾಳೆಹಣ್ಣು. ರಾತ್ರಿಯೇ ಹಾಕಿಡಿ, ಬೆಳಿಗ್ಗೆ ಖಂಡಿತ ಮರೆಯುತ್ತೀರಿ! ಊಟದ ಬೆನ್ನಿಗೇ ಟೀ ಬೇಡ, ಊಟದಲ್ಲಿನ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ವಾಕಿಂಗ್‌ಗೆ ಸಮಯ ಇಲ್ಲದವರು ವಾಪಸ್ ಬರುವಾಗ ಒಂದು ಸ್ಟಾಪ್ ಮೊದಲೇ ಇಳಿಯಿರಿ. ನಾನಂತೂ ಹಾಗೇ ಮಾಡುತ್ತಿದ್ದೇನೆ, ಮಳೆ ದಿನ ಬಿಟ್ಟು.