ಬುಡ ಬೆಚ್ಚಗೆ, ತಲೆ ತಂಪಗೆ: ಚಳಿ ಸೀಮೆಯಲ್ಲಿ ಗಾರ್ಡೇನಿಯಾ ಕುಂಡ

ಪರಿಮಳದ ಬಿಳಿ ಹೂವು ಬಿಡುವ ಗಾರ್ಡೇನಿಯಾ ಗಿಡವನ್ನು ಹೊಸದಾಗಿ ಮನೆಗೆ ತಂದವರು ಮೊದಲ ಚಳಿಗಾಲದಲ್ಲಿ ಹೇಳಿಕೊಳ್ಳುವ ಸಂಕಟ ಹೆಚ್ಚುಕಡಿಮೆ ಒಂದೇ: ತಂದಾಗ ಮೈತುಂಬ ಮೊಗ್ಗಿತ್ತು, ಒಂದೂ ಅರಳದೆ ಉದುರಿಹೋಯಿತು, ಈಗ ಎಲೆಯೂ ಹಳದಿಯಾಗುತ್ತಿದೆ. ಅವರಲ್ಲಿ ಬಹಳ ಮಂದಿ ಚಳಿಯನ್ನೇ ದೂರಿ, ಗಿಡವನ್ನು ಮನೆಯಲ್ಲೇ ಅತಿ ಬೆಚ್ಚಗಿರುವ ಕೋಣೆಗೆ, ಹೀಟರಿನ ಪಕ್ಕಕ್ಕೆ ಸಾಗಿಸುತ್ತಾರೆ. ಹಲವು ವರ್ಷ ಈ ಗಿಡವನ್ನು ಸಾಕಿದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿಯೆಂದರೆ, ಗಾರ್ಡೇನಿಯಾ ತಂಪಿಗೆ ಅಷ್ಟಾಗಿ ಹೆದರುವುದಿಲ್ಲ. ತಲೆಗೆ ಒಣ ಬಿಸಿಗಾಳಿಯೂ ಬುಡಕ್ಕೆ ಕೊರೆಯುವ ತಣ್ಣನೆಯ ಮಣ್ಣೂ ಒಟ್ಟಿಗೆ ಒದಗಿದಾಗ ಮಾತ್ರ ಅದು ತಾಳಲಾರದು.

ಹೂವಿನ ಬಿಳುಪು ಕಂಡು ಇದನ್ನು ನಂದಿಬಟ್ಟಲಿನ ಬಳಗವೆಂದು ತಿಳಿಯುವವರಿದ್ದಾರೆ. ನಂದಿಬಟ್ಟಲಿನ ಎಲೆ ಚಿವುಟಿದರೆ ಹಾಲು ಒಸರುತ್ತದೆ, ಇದರಲ್ಲಿ ಹಾಲಿಲ್ಲ. ಇದು ಕಾಫಿಯ ಕುಟುಂಬಕ್ಕೆ ಸೇರಿದ ಗಿಡ. ದಕ್ಷಿಣ ಚೀನಾ, ತೈವಾನ್, ಜಪಾನ್ ಕಡೆಯ ತೇವದ ಹವೆಯಲ್ಲಿ ಹುಟ್ಟಿ ಬೆಳೆದದ್ದಾದ್ದರಿಂದ ಅದು ನಮ್ಮಿಂದ ಕೇಳುವುದು ಹುಳಿ ಮಣ್ಣು, ಹಸಿ ಗಾಳಿ ಮತ್ತು ಸಾಕಷ್ಟು ಬೆಳಕು. ಮಣ್ಣಿನ ಹುಳಿಯ ಅಳತೆಯಾದ ರಸಸಾರ (pH) 5ರಿಂದ 6ರ ಒಳಗಿದ್ದರೆ ಒಳ್ಳೆಯದು. ಆಮ್ಲಪ್ರಿಯ ಗಿಡಗಳಿಗೆಂದೇ ಸಿದ್ಧಪಡಿಸಿದ ಮಿಶ್ರಣಕ್ಕೆ ಒಂದಷ್ಟು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿದರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ಕುಂಡವನ್ನು ಎರಡು ಮೂರು ವರ್ಷಕ್ಕೊಮ್ಮೆ, ವಸಂತದಲ್ಲಿ, ಹಳೆಯದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಅಗಲವಾದುದಕ್ಕೆ ಬದಲಿಸಿದರೆ ಸಾಕು. ಬೇರಿಗೆ ಎಟುಕದಷ್ಟು ಮಣ್ಣು ತುಂಬಿದ ದೊಡ್ಡ ಕುಂಡದಲ್ಲಿ ನೀರು ಆರುವುದೇ ಇಲ್ಲ, ಬೇರು ಕೊಳೆಯುತ್ತದೆ.

ಎಲೆ ಹಳದಿಯಾಗುವುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಗಿಡ ಕಳೆದುಕೊಳ್ಳುವವರು ಎಡವುವುದು ಇಲ್ಲಿಯೇ. ಬುಡದ ಹತ್ತಿರದ ಹಳೆಯ ಎಲೆ ಒಂದೆರಡು ಹಣ್ಣಾಗಿ ಉದುರುವುದು ಸಹಜ. ತುದಿಯ ಎಳೆ ಎಲೆಗಳು ಹಳದಿಗೆ ತಿರುಗಿ, ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಅದಕ್ಕೆ ಮೊದಲ ಕಾರಣ ನೀರು: ಗಡಸು ನೀರಿನಲ್ಲಿರುವ ಸುಣ್ಣದಂಶ ತಿಂಗಳು ತಿಂಗಳೂ ಸೇರಿಕೊಂಡು ಮಣ್ಣಿನ ಹುಳಿಯನ್ನು ಮುರಿಯುತ್ತದೆ, ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಮಳೆನೀರು ಹಿಡಿದಿಟ್ಟು ಹಾಕುವುದು ಇದಕ್ಕೆ ಉತ್ತಮ ಪರಿಹಾರ, ತುರ್ತಿಗೆ ಚೀಲೇಟ್ ರೂಪದ, ಅಂದರೆ ಬೇರಿಗೆ ಸುಲಭವಾಗಿ ದಕ್ಕುವಂತೆ ತಯಾರಿಸಿದ ಕಬ್ಬಿಣ ಕೊಡಬಹುದು. ಬಳಸಿದ ಕಾಫಿ ಚರಟವನ್ನೋ ವಿನಿಗರನ್ನೋ ಸುರಿಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸೋಸಿದ ಚರಟದಲ್ಲಿ ಹೆಚ್ಚು ಹುಳಿ ಉಳಿದಿರುವುದಿಲ್ಲ, ಮೇಲಾಗಿ ಅದು ಮಣ್ಣಿನ ಮೇಲೆ ಹೆಪ್ಪುಗಟ್ಟಿ ನೀರನ್ನೂ ಗಾಳಿಯನ್ನೂ ತಡೆಯುತ್ತದೆ.

ಎರಡನೆಯ ಕಾರಣ ನನಗೆ ತಿಳಿದದ್ದು ತಡವಾಗಿ. ಒಂದು ಚಳಿಗಾಲ ಮಳೆನೀರನ್ನೇ ಹಾಕಿದರೂ, ಕಬ್ಬಿಣ ಕೊಟ್ಟರೂ, ನನ್ನ ಗಿಡದ ಚಿಗುರು ಹಳದಿಯಾಗಿಯೇ ಬರುತ್ತಿತ್ತು. ಒಂದು ಬೆಳಿಗ್ಗೆ ನೆಲ ಒರೆಸಲೆಂದು ಕುಂಡ ಎತ್ತಿದಾಗ ಅದರ ತಳ ಮಂಜುಗಡ್ಡೆ ಮುಟ್ಟಿದಂತೆ ಕೈಗೆ ಕೊರೆಯಿತು. ಕೋಣೆ ಬೆಚ್ಚಗಿದ್ದರೂ ಕಲ್ಲಿನ ನೆಲ ರಾತ್ರಿಯಿಡೀ ಕುಂಡದ ಶಾಖವನ್ನು ಹೀರುತ್ತಿತ್ತು. ಬೇರು ತಣ್ಣಗಾದರೆ ಕಬ್ಬಿಣವನ್ನು ಹೀರಿಕೊಳ್ಳುವ ಶಕ್ತಿಯೇ ಕುಗ್ಗುತ್ತದೆ. ಅಂದೇ ಎರಡು ಮರದ ತುಂಡುಗಳ ಮೇಲೆ ಒಂದು ಹಲಗೆ ಇಟ್ಟು, ಅದರ ಮೇಲೆ ಕುಂಡವನ್ನು ಕೂರಿಸಿದೆ. ತಣ್ಣನೆಯ ಮಳೆನೀರನ್ನು ನೇರವಾಗಿ ಹಾಕುವುದನ್ನು ಬಿಟ್ಟು, ಹಿಂದಿನ ರಾತ್ರಿಯೇ ನೀರನ್ನು ಕೋಣೆಯೊಳಗೆ ತಂದಿಟ್ಟುಕೊಳ್ಳತೊಡಗಿದೆ. ಮುಂದಿನ ಚಿಗುರು ಹಸಿರಾಗಿ ಬಂತು. ಅಂದಿನಿಂದ ನನ್ನ ಯಾವ ಗಾರ್ಡೇನಿಯಾವೂ ಬರಿಯ ನೆಲದ ಮೇಲೆ ಚಳಿಗಾಲ ಕಳೆದಿಲ್ಲ.

ಬುಡ ಬೆಚ್ಚಗಿರಲಿ ಎಂದಮಾತ್ರಕ್ಕೆ ಇಡೀ ಗಿಡವನ್ನು ಕಾಯಿಸಬೇಕೆಂದಲ್ಲ. ಮೊಗ್ಗು ಕಟ್ಟಲು ಇದಕ್ಕೆ ತಂಪು ರಾತ್ರಿ ಬೇಕು. ರಾತ್ರಿ 15ರಿಂದ 18, ಹಗಲು 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಒಗ್ಗುವ ಹವೆ. ರಾತ್ರಿಯೂ ಸೆಕೆಯಿರುವ ಕೋಣೆಯಲ್ಲಿ ಗಿಡ ಎಲೆ ಬಿಡುತ್ತದೆಯೇ ಹೊರತು ಮೊಗ್ಗು ಕಟ್ಟುವುದಿಲ್ಲ. ಆದ್ದರಿಂದ ಹೀಟರ್ ಸದಾ ಉರಿಯುವ ಕೋಣೆಗಿಂತ, ಬಿಸಿಲು ಬರುವ, ಆದರೆ ಅಷ್ಟಾಗಿ ಕಾಯಿಸದ ಕೋಣೆಯೇ ಮೇಲು. ಉತ್ತರ ಗೋಳಾರ್ಧದಲ್ಲಿ ಇರುವವರಿಗೆ ಚಳಿಗಾಲದಲ್ಲಿ ದಕ್ಷಿಣದ ಕಿಟಕಿ ಅನುಕೂಲ; ಎಲೆ ಮಾತ್ರ ಗಾಜಿಗೆ ತಾಗಬಾರದು.

ಗಾಳಿಯ ತೇವಕ್ಕಾಗಿ ಅಗಲವಾದ ತಟ್ಟೆಯಲ್ಲಿ ಉರುಟು ಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡವನ್ನಿಡಬೇಕು. ತಳಕ್ಕೆ ನೀರು ತಾಗಕೂಡದು. ಇನ್ನೂ ನಾಲ್ಕಾರು ಕುಂಡಗಳನ್ನು ಜೊತೆಗೆ ಗುಂಪಾಗಿಟ್ಟರೆ ತೇವ ಹೆಚ್ಚುತ್ತದೆ. ಎಲೆಗೆ ನೀರು ಚಿಮುಕಿಸುವುದರಿಂದ ಸಿಗುವ ಲಾಭ ಗಳಿಗೆಯ ಮಟ್ಟಿಗೆ. ಅರಳಿದ ಹೂವಿನ ಮೇಲೆ ನೀರು ಬಿದ್ದರಂತೂ ಕಲೆಯಾಗುತ್ತದೆ. ಕುಂಡದ ಮಣ್ಣಿಗೆ ಮೇಲ್ಪದರ ಆರಿದೆಯೆಂದು ಬೆರಳಿಟ್ಟು ಖಚಿತಪಡಿಸಿಕೊಂಡ ಮೇಲೆಯೇ ನೀರು ಹಾಕಬೇಕು. ಪೂರ್ತಿ ಒಣಗಲು ಬಿಡುವುದೂ ಸದಾ ಕೆಸರಾಗಿಡುವುದೂ ಮೊಗ್ಗು ಉದುರಲು ಸಮಾನ ಕಾರಣಗಳು.

ಮೊಗ್ಗು ಕಾಣಿಸಿಕೊಂಡ ಮೇಲೆ ಗಿಡದ ಜಾಗ ಬದಲಿಸಬೇಡಿ, ತಿರುಗಿಸಲೂ ಬೇಡಿ. ಬಟಾಣಿ ಗಾತ್ರದ ಮೊಗ್ಗುಗಳಿದ್ದ ಗಿಡದ ಹಿಂಬದಿಗೂ ಬೆಳಕು ಬೀಳಲೆಂದು ಕುಂಡವನ್ನು ಅರ್ಧ ಸುತ್ತು ತಿರುಗಿಸಿದ್ದಕ್ಕೆ, ವಾರ ಕಳೆಯುವಷ್ಟರಲ್ಲಿ ಮೊಗ್ಗಿನ ತೊಟ್ಟುಗಳು ಹಳದಿಯಾಗಿ ಒಂದೊಂದೇ ಕೈಗೆ ಕಳಚಿಬಂದದ್ದನ್ನು ನಾನು ಮರೆತಿಲ್ಲ. ಬಾಗಿಲು ತೆರೆದಾಗ ನುಗ್ಗುವ ತಣ್ಣನೆಯ ಗಾಳಿಯ ದಾರಿಯಲ್ಲೂ ಇಡಬಾರದು.

ಹೊರಗಿನ ರಾತ್ರಿಗಳು ಖಾಯಂ ಆಗಿ 13 ಡಿಗ್ರಿ ದಾಟಿದ ಮೇಲೆ ಗಿಡವನ್ನು ಹೊರಗಿಡಬಹುದು. ಮೊದಲ ಹತ್ತು ಹದಿನೈದು ದಿನ ನೆರಳಿನಲ್ಲಿಟ್ಟು, ಆಮೇಲೆ ಬೆಳಗಿನ ಬಿಸಿಲಿಗೆ ಒಗ್ಗಿಸಬೇಕು. ಹುಳಿ ಮಣ್ಣಿನ ಗಿಡಗಳ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧದಷ್ಟು, ವಸಂತದಿಂದ ಬೇಸಿಗೆಯ ಕೊನೆಯವರೆಗೆ ಎರಡು ಮೂರು ವಾರಕ್ಕೊಮ್ಮೆ ಕೊಟ್ಟು, ಚಳಿಗಾಲದಲ್ಲಿ ನಿಲ್ಲಿಸಬೇಕು. ಕತ್ತರಿ ಆಡಿಸುವುದಾದರೆ ಹೂವು ಮುಗಿದ ಕೂಡಲೇ. ತಡಮಾಡಿದರೆ ಮುಂದಿನ ಮೊಗ್ಗುಗಳನ್ನೇ ಕತ್ತರಿಸಿದಂತಾಗುತ್ತದೆ.

ರಾತ್ರಿ ಮತ್ತೆ ತಣ್ಣಗಾಗತೊಡಗಿದಾಗ, ಒಳಗೆ ತರುವ ಮುನ್ನ, ಪ್ರತಿ ಎಲೆಯನ್ನೂ ಮಗುಚಿ ನೋಡಿ. ಎಲೆಯ ಕಂಕುಳಲ್ಲಿ ಹತ್ತಿಯಂತೆ ಅಂಟಿದ ಹಿಟ್ಟುತಿಗಣೆ, ಅಡಿಯಲ್ಲಿ ಕೂತ ಬಿಳಿನೊಣ, ಕಾಂಡಕ್ಕೆ ಕಚ್ಚಿಕೊಂಡ ಕಂದು ಶಲ್ಕಕೀಟ, ಇವು ಒಳಗೆ ಬಂದರೆ ಒಣ ಬಿಸಿಯಲ್ಲಿ ಬೇಗ ಹಬ್ಬುತ್ತವೆ. ಎಲೆ ಮೇಲೆ ಕಪ್ಪು ಬೂಷ್ಟು ಕಂಡರೆ ಇವು ಸುರಿಸಿದ ಅಂಟಿನ ಮೇಲೆ ಬೆಳೆದದ್ದೆಂದು ತಿಳಿಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಕೆಲವು ಹನಿ ಸಾಬೂನಿನೊಂದಿಗೆ ಕದಡಿ, ಬಿಸಿಲಿಲ್ಲದ ವೇಳೆ ವಾರಕ್ಕೊಮ್ಮೆಯಂತೆ ಮೂರು ಸಲ ಸಿಂಪಡಿಸಬೇಕು. ನಾಯಿ, ಬೆಕ್ಕು ಇರುವ ಮನೆಯಲ್ಲಿ ಕುಂಡ ಅವುಗಳ ಬಾಯಿಗೆ ಸಿಗದಿರಲಿ, ತಿಂದರೆ ಅವುಗಳ ಹೊಟ್ಟೆ ಕೆಡುತ್ತದೆ.

ಇಷ್ಟೆಲ್ಲ ಆದ ಮೇಲೆ ಹೂವು ಅರಳಿದಾಗ ದಳಗಳನ್ನು ಮುಟ್ಟಬೇಡಿ. ಬೆರಳು ತಾಗಿದ ಕಡೆ ಸ್ವಲ್ಪ ಹೊತ್ತಿನಲ್ಲೇ ಕಂದು ಕಲೆ ಏಳುತ್ತದೆ. ತೊಟ್ಟು ಹಿಡಿದು ಕತ್ತರಿಸಿ, ಅಗಲ ಬಾಯಿಯ ಬಟ್ಟಲಿನ ನೀರಿನಲ್ಲಿ ತೇಲಿಬಿಟ್ಟರೆ, ಬಿಳುಪು ನಿಧಾನವಾಗಿ ಕೆನೆಬಣ್ಣಕ್ಕೆ ತಿರುಗುವವರೆಗೂ ಒಂದೇ ಹೂವು ಇಡೀ ಕೋಣೆಗೆ ಪರಿಮಳ ಕೊಡುತ್ತಿರುತ್ತದೆ.