ಪ್ಯಾಂಟಿನ ಸೈಜು 34, ಹೊಟ್ಟೆಯ ಸುತ್ತು 38.5

ದಾವಣಗೆರೆಯಲ್ಲಿ 26 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ದಿನಾ ಎಷ್ಟೋ ಜನರ ಸೊಂಟಕ್ಕೆ ಟೇಪು ಹಿಡಿಯುತ್ತೇನೆ. ನನ್ನ ಹೊಟ್ಟೆಗೆ ಹಿಡಿದಿರಲಿಲ್ಲ. ಎತ್ತರ 165 ಸೆಂ.ಮೀ., ತೂಕ 66 ಕೆಜಿ. ಹತ್ತು ವರ್ಷದಿಂದ ಪ್ಯಾಂಟಿನ ಸೈಜು 34. ನನ್ನನ್ನು ದಪ್ಪ ಅಂದವರೇ ಇಲ್ಲ.

ಹೋದ ವರ್ಷ ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದೆ. ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ತುಂಬಿದೆ ಅಂತ ಬಂತು. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್ 240, ಮೂರು ತಿಂಗಳ ಸರಾಸರಿ ಸಕ್ಕರೆ ಲೆಕ್ಕ (HbA1c) 6.1. ಶುಗರ್ ಕಾಯಿಲೆಯ ಹೊಸ್ತಿಲು ಅದು. "ನಾನು ದಪ್ಪ ಇಲ್ವಲ್ಲ ಡಾಕ್ಟ್ರೇ" ಎಂದೆ. ಅವರು ಟೇಪು ತೆಗೆದರು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಹೊರಗೆ ಬಿಟ್ಟಾಗ ಹಿಡಿದರು. 38.5 ಇಂಚು!

ನಾವು ಪ್ಯಾಂಟಿಗೆ ಅಳತೆ ತೆಗೆಯುವುದು ಹೊಟ್ಟೆಯ ಕೆಳಗೆ, ಬೆಲ್ಟ್ ಕೂರುವ ಜಾಗದಲ್ಲಿ. ಹೊಟ್ಟೆ ಬಂದಷ್ಟೂ ಪ್ಯಾಂಟು ಕೆಳಕ್ಕೆ ಜಾರುತ್ತದೆ, ಸೈಜು ಅಷ್ಟೇ ಇರುತ್ತದೆ. ಹೊಟ್ಟೆಯ ಸುತ್ತಿಗೆ ನಮ್ಮ ದೇಶದ ಗಂಡಸರಿಗೆ ಇರುವ ಗಡಿ 90 ಸೆಂ.ಮೀ., ಅಂದರೆ ಸುಮಾರು 35.5 ಇಂಚು. ಹೆಂಗಸರಿಗೆ 80, ಅಂದರೆ 31.5 ಇಂಚು.

ಡಾಕ್ಟರು ಒಂದು ಫೋಟೋ ತೋರಿಸಿದರು. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದದ್ದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ 21.2. ನಮ್ಮವರು ನೋಡೋಕೆ ಸಣ್ಣ ಇದ್ದರೂ ಒಳಗೆ ಕೊಬ್ಬು ಜಾಸ್ತಿ. ಚರ್ಮದ ಕೆಳಗಿನ ಕೊಬ್ಬು ಅಷ್ಟು ಕಾಡುವುದಿಲ್ಲ. ಕರುಳಿನ ಸುತ್ತ ಕೂತ ಕೊಬ್ಬು ಕರಗಿ ರಕ್ತದ ಜೊತೆ ನೇರ ಲಿವರ್‌ಗೆ ಹೋಗುತ್ತದೆ. ಇನ್ಸುಲಿನ್ ಕೆಲಸ ಕೆಡುತ್ತದೆ. ಅಲ್ಲಿಂದ ಶುಗರ್, ಹೃದಯದ ತೊಂದರೆ.

ಮೊದಲ ತಿಂಗಳು ತಪ್ಪು ಮಾಡಿದೆ. ಅನ್ನ, ರೊಟ್ಟಿ ಪೂರ್ತಿ ಬಿಟ್ಟೆ. ಹತ್ತೇ ದಿನಕ್ಕೆ 3 ಕೆಜಿ ಇಳಿಯಿತು, ಟೇಪು ಮಾತ್ರ ಕದಲಲಿಲ್ಲ. ಹೋದದ್ದು ಬಹುಪಾಲು ನೀರು. ಮತ್ತೆ ಊಟ ಮಾಡಿದ ಮೇಲೆ ತೂಕ ವಾಪಸ್ ಬಂತು. ಪರಿಚಯದವರೊಬ್ಬರು ಬೆವರು ಬರಿಸುವ ಬೆಲ್ಟ್ ಮಾರಿದರು. ಬೆವರೂ ನೀರೇ ಅಲ್ವಾ? ಆ ದುಡ್ಡು ಹೋಯಿತು.

ಆಮೇಲೆ ನನ್ನ ಹೆಂಡತಿ ಎಣ್ಣೆಯ ಲೆಕ್ಕ ತೆಗೆದಳು. ನಿಜವಾಗಿ ದಾರಿ ತೋರಿಸಿದ್ದು ಅದೇ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 5 ಲೀಟರ್. ಒಬ್ಬೊಬ್ಬರಿಗೆ ದಿನಕ್ಕೆ 40 ಎಂ.ಎಲ್. ಮೇಲೆ! ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. 3 ಲೀಟರ್‌ಗೆ ಇಳಿಸಿದ್ದಕ್ಕೇ ತಲೆಗೆ ದಿನಕ್ಕೆ 135 ಕ್ಯಾಲೊರಿ ಉಳಿಯಿತು. ಡಬ್ಬದಿಂದ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕಿದಳು, ಅಷ್ಟೇ. ಸಂಜೆಯ ಮಿರ್ಚಿ ಮಂಡಕ್ಕಿ ದಿನಾ ಇದ್ದದ್ದು ವಾರಕ್ಕೊಮ್ಮೆ ಆಯಿತು. ಬೆಣ್ಣೆ ದೋಸೆ ತಿಂಗಳಿಗೊಮ್ಮೆ. ಈ ಊರಲ್ಲಿದ್ದು ಪೂರ್ತಿ ಬಿಡೋಕೆ ನನಗೆ ಮನಸ್ಸಿಲ್ಲ.

ರಾತ್ರಿ ಅಂಗಡಿ ಮುಚ್ಚಿ ಹತ್ತೂವರೆಗೆ ಊಟ ಮಾಡುತ್ತಿದ್ದೆ. ಈಗ ಏಳೂವರೆಗೆ ಅಂಗಡಿಯಲ್ಲೇ ಡಬ್ಬಿ: ಒಂದೂವರೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಒಂದು ಮೊಟ್ಟೆ, ಮಜ್ಜಿಗೆ. ಊಟ ಆದ ಮೇಲೆ ಹತ್ತು ನಿಮಿಷ ನಡಿಗೆ. ಮೋಟರ್ ಮಷೀನ್ ಬಂದ ಮೇಲೆ ಕಾಲಿಗೆ ಕೆಲಸವೇ ಇರಲಿಲ್ಲ. ಹಾಗಾಗಿ ಕಟಿಂಗ್ ಟೇಬಲ್ ಹಿಡಿದು ಬೆಳಿಗ್ಗೆ, ಸಂಜೆ 20 ಸಲ ಬಸ್ಕಿ. ಹೊಟ್ಟೆಗೆ ಅಂತಲೇ ಬೇರೆ ಕಸರತ್ತು ಮಾಡಲಿಲ್ಲ. ಹೊಟ್ಟೆ ಬಗ್ಗಿಸಿದರೆ ಅಲ್ಲಿನ ಕೊಬ್ಬೇ ಕರಗುತ್ತದೆ ಅನ್ನುವುದು ಸುಳ್ಳು.

ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಗಳು ಅಳತೆ ಹಿಡಿಯುತ್ತಿದ್ದಳು. "ಅಪ್ಪ, ಉಸಿರು ಎಳೀಬೇಡಿ" ಎಂದು ಗದರುತ್ತಿದ್ದಳು. ಎಂಟು ತಿಂಗಳಿಗೆ ತೂಕ 60.5, ಹೊಟ್ಟೆ 35.5. ಟ್ರೈಗ್ಲಿಸರೈಡ್ 148, ಮೂರು ತಿಂಗಳ ಸಕ್ಕರೆ 5.7. ಇನ್ನೂ ಸ್ವಲ್ಪ ಇಳಿಯಬೇಕು.

ಈಗ ಪ್ಯಾಂಟ್ ಲೂಸ್ ಮಾಡಿಸೋಕೆ ಒಬ್ಬರೇ ಎರಡನೇ ಸಲ ಬಂದರೆ ಸುಮ್ನೆ ಬಿಚ್ಚಿ ಹೊಲಿದು ಕೊಡುವುದಿಲ್ಲ. "ಅಣ್ಣ, ಶುಗರ್ ಚೆಕ್ ಮಾಡಿಸಿದ್ದೀರಾ?" ಎಂದು ಕೇಳುತ್ತೇನೆ. ಹೋದ ವಾರ ಹೆಂಡತಿಯ ಅಳತೆಯನ್ನೂ ತೆಗೆದೆವು. 34 ಬಂತು. ಈಗ ಅವಳೂ ಊಟದ ಮೇಲೆ ನಡೆಯುತ್ತಿದ್ದಾಳೆ.