ಬೆಲೆ ಮೇಲಕ್ಕೆ, ಆರ್‌ಎಸ್‌ಐ ಕೆಳಕ್ಕೆ: ಡೈವರ್ಜೆನ್ಸ್ ಗುರುತಿಸೋದು ಹೇಗೆ?

ಬೆಲೆ ಒಂದು ಕಡೆ, ಆರ್‌ಎಸ್‌ಐ ಇನ್ನೊಂದು ಕಡೆ ಹೋಗೋದೇ ಡೈವರ್ಜೆನ್ಸ್. ಷೇರಿನ ಬೆಲೆ ಚಾರ್ಟ್ ಕೆಳಗೆ ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಬೆಲೆಯ ಓಟದ ಜೋರನ್ನು 0ರಿಂದ 100ರ ನಡುವೆ ತೋರಿಸುವ ಸೂಚಕ) ಹಾಕಿಕೊಳ್ಳಿ. 1978ರಲ್ಲಿ ಇದನ್ನು ರೂಪಿಸಿದ ವೆಲ್ಸ್ ವೈಲ್ಡರ್ ಕೊಟ್ಟ 14ರ ಸೆಟ್ಟಿಂಗೇ (ಅಂದ್ರೆ ಕಳೆದ 14 ಅವಧಿಗಳ ಲೆಕ್ಕ) ಸಾಕು, ಸುಮ್ನೆ ಬದಲಾಯಿಸುತ್ತಾ ಕೂರಬೇಡಿ.

ಈಗ ಬೆಲೆಯ ಎರಡು ಸ್ಪಷ್ಟ ಶಿಖರಗಳನ್ನು ಹುಡುಕಿ. ಮೊದಲನೆಯದು 100, ಎರಡನೆಯದು 108 ಅಂದುಕೊಳ್ಳಿ, ಆದರೆ ಅದೇ ಜಾಗಗಳಲ್ಲಿ ಆರ್‌ಎಸ್‌ಐ 78ರಿಂದ 66ಕ್ಕೆ ಇಳಿದಿದೆ. ವಿಚಿತ್ರ ಅಲ್ವಾ? ಆರ್‌ಎಸ್‌ಐ ಅಳೆಯೋದು ಬೆಲೆಯನ್ನಲ್ಲ, ಸರಾಸರಿ ಏರಿಕೆ ಮತ್ತು ಸರಾಸರಿ ಇಳಿಕೆಯ ಅನುಪಾತವನ್ನು. ಎರಡನೇ ಏರಿಕೆ ಏದುಸಿರು ಬಿಡುತ್ತಾ, ನಡುನಡುವೆ ಕೆಂಪು ಕ್ಯಾಂಡಲ್‌ಗಳ (ಕ್ಯಾಂಡಲ್ ಅಂದ್ರೆ ಒಂದು ಅವಧಿಯ ಬೆಲೆ ತೋರಿಸುವ ಪಟ್ಟಿ, ಕೆಂಪು ಅಂದ್ರೆ ಬೆಲೆ ಇಳಿದಿದೆ) ಜೊತೆ ಬಂದಿದ್ದರೆ ಅದು ಇಲ್ಲಿ ಕಾಣುತ್ತದೆ. ಇದೇ ಬೇರಿಶ್ ಡೈವರ್ಜೆನ್ಸ್, ಅಂದ್ರೆ ಬೆಲೆ ಇಳಿಯಬಹುದು ಅನ್ನುವ ಸೂಚನೆ. ಬುಲಿಶ್ ಇದರ ಉಲ್ಟಾ: ಬೆಲೆಯ ತಳ ಇನ್ನೂ ಕೆಳಗೆ, ಆರ್‌ಎಸ್‌ಐ ತಳ ಮೇಲೆ.

ಶಿಖರವನ್ನು ಶಿಖರಕ್ಕೇ, ತಳವನ್ನು ತಳಕ್ಕೇ ಹೋಲಿಸಿ. ಕ್ಯಾಂಡಲ್ ಮುಗಿಯುವ ತನಕ ಕಾಯಿರಿ, ಯಾಕಂದ್ರೆ ಅಲ್ಲಿವರೆಗೂ ಆರ್‌ಎಸ್‌ಐ ಅಂಕಿ ಬದಲಾಗುತ್ತಲೇ ಇರುತ್ತದೆ.

ನಾನು ಜಾಸ್ತಿ ಕೈ ಸುಟ್ಟುಕೊಂಡಿದ್ದು ಡೈವರ್ಜೆನ್ಸ್ ಕಂಡ ಕೂಡಲೇ ಮಾರಿ. ಜೋರು ಟ್ರೆಂಡ್‌ನಲ್ಲಿ ಅದು ಮೂರು ಸಲ ಕಾಣಿಸಿಕೊಂಡರೂ ಬೆಲೆ ಏರುತ್ತಲೇ ಹೋಗಬಹುದು. ಈಗ ಎರಡು ಶಿಖರಗಳ ನಡುವಿನ ತಳದ ಕೆಳಗೆ ಬೆಲೆ ಕ್ಲೋಸ್ ಆಗುವವರೆಗೂ ಏನೂ ಮಾಡುವುದಿಲ್ಲ.